ಕೇಳುವ ಹದ

ಕನ್ನಡದಲ್ಲಿ ‘ಕೇಳು’ ಎಂಬ ಮಾತು ಎರಡೇ ಅಕ್ಷರದ್ದು. ಆದರೆ ಅದು ಹೊರುವ ಅರ್ಥದ ಭಾರ ದೊಡ್ಡದು. ‘ಹಾಡು ಕೇಳಿದೆ’ ಎಂದಾಗ ಅದು ಕಿವಿಯ ಕೆಲಸ. ‘ದಾರಿ ಕೇಳಿದೆ’ ಎಂದಾಗ ಅದು ಪ್ರಶ್ನೆ. ‘ಈ ಹುಡುಗ ತಾಯಿಯ ಮಾತು ಕೇಳುತ್ತಾನೆ’ ಎಂದಾಗ ಅದು ಬರಿಯ ಕಿವಿಯ ಕೆಲಸವೂ ಅಲ್ಲ, ಪ್ರಶ್ನೆಯೂ ಅಲ್ಲ, ಅದು ನಡತೆ. ತರಗತಿಯಲ್ಲಿ ಈ ಮೂರು ಅರ್ಥಗಳನ್ನು ಹಲಗೆಯ ಮೇಲೆ ಬರೆದು, ಸಂದರ್ಭದಿಂದ ಅರ್ಥ ನಿಶ್ಚಯವಾಗುತ್ತದೆ ಎಂದು ಹೇಳಿ ಮುಂದೆ ಹೋಗುವುದು ನಮ್ಮಂಥ ಉಪಾಧ್ಯಾಯರ ವಾಡಿಕೆ. ಆದರೆ ಇವು ಆಕಸ್ಮಿಕವಾಗಿ ಒಂದೆಡೆ ಸೇರಿದ ಅರ್ಥಗಳಲ್ಲ, ಒಂದೇ ಏಣಿಯ ಮೂರು ಮೆಟ್ಟಿಲುಗಳು ಎಂದು ನನಗೆ ತೋರತೊಡಗಿದ್ದು ತರಗತಿಯಲ್ಲಲ್ಲ; ಚರ್ಚಿನಲ್ಲಿ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಇದು ಕನ್ನಡಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ನಮ್ಮ ಸೋದರಭಾಷೆಯಾದ ತಮಿಳಿನ ‘ಕೇಳ್’ ಕೂಡ ಕೇಳಿಸಿಕೊಳ್ಳುತ್ತದೆ, ಪ್ರಶ್ನಿಸುತ್ತದೆ. ಸತ್ಯವೇದದ ಹಳೆಯ ಒಡಂಬಡಿಕೆಯ ಭಾಷೆಯಾದ ಹೀಬ್ರೂವಿನಲ್ಲಿ ‘ಶಮಾ’ ಎಂಬ ಧಾತು ಕೇಳುವುದನ್ನೂ ವಿಧೇಯವಾಗಿ ನಡೆಯುವುದನ್ನೂ ಒಟ್ಟಿಗೆ ಸೂಚಿಸುತ್ತದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ವಿಧೇಯತೆಯನ್ನು ಹೇಳುವ ಪದ ಹುಟ್ಟಿರುವುದೇ ‘ಕೇಳು’ ಎಂಬರ್ಥದ ಪದದಿಂದ. ಬೇರೆ ಬೇರೆ ಕುಲದ ಭಾಷೆಗಳು ಒಂದೇ ಸತ್ಯವನ್ನು ಸಾಕ್ಷಿ ನುಡಿಯುವಾಗ ನಾವು ಸ್ವಲ್ಪ ನಿಂತು ಯೋಚಿಸುವುದು ಒಳ್ಳೆಯದು. ಕೇಳಿದವನು ನಡೆಯದಿದ್ದರೆ, ಅವನು ಕೇಳಿದ್ದಾನೆಂದು ಹೇಳಲು ಈ ಭಾಷೆಗಳು ಹಿಂಜರಿಯುತ್ತವೆ.

ಕ್ರೈಸ್ತ ಮನೆಗಳಲ್ಲಿ ಸತ್ಯವೇದಕ್ಕೆ ಬರವಿಲ್ಲ. ಬೆಳಿಗ್ಗೆ ಒಂದು ಅಧ್ಯಾಯ, ರಾತ್ರಿ ಮನೆಯ ಪ್ರಾರ್ಥನೆಯಲ್ಲಿ ಒಂದು ಕೀರ್ತನೆ, ಆದಿತ್ಯವಾರ ಆರಾಧನೆಯಲ್ಲಿ ಎರಡು ಮೂರು ಪಾಠಗಳು, ಅದರ ಮೇಲೆ ಪ್ರಸಂಗ. ಹೀಗೆ ವರ್ಷವಿಡೀ ನಮ್ಮ ಕಿವಿಯ ಮೇಲೆ ದೇವರ ವಾಕ್ಯ ಬೀಳುತ್ತಲೇ ಇರುತ್ತದೆ. ಪ್ರಶ್ನೆ ಇರುವುದು ಬೀಳುವುದರಲ್ಲಲ್ಲ, ಇಳಿಯುವುದರಲ್ಲಿ. ನಮ್ಮಲ್ಲಿ ಮೊದಲನೆಯ ಅರ್ಥದ ಕೇಳುವಿಕೆ ಧಾರಾಳವಾಗಿದೆ, ಎರಡನೆಯದು ವಿರಳ, ಮೂರನೆಯದು ತೀರ ವಿರಳ ಎಂಬುದು ನನ್ನ ಅಭಿಪ್ರಾಯ. ಇದನ್ನು ಪರರ ಮೇಲೆ ಹೊರಿಸುವ ಆಪಾದನೆಯೆಂದು ವಾಚಕರು ತಿಳಿಯಬಾರದು. ಆಪಾದಿತರ ಸಾಲಿನಲ್ಲಿ ಲೇಖಕನೂ ನಿಂತಿದ್ದಾನೆ.

ಕೇಳುವುದರ ಬಗ್ಗೆ ಯೇಸು ಹೇಳಿದ ಪ್ರಸಿದ್ಧ ಕಥೆಯೆಂದರೆ ಬಿತ್ತುವವನ ಸಾಮ್ಯ. ಮತ್ತಾಯ, ಮಾರ್ಕ, ಲೂಕ ಮೂವರೂ ಅದನ್ನು ಬರೆದಿಟ್ಟಿದ್ದಾರೆ. ಬೀಜ ಒಂದೇ, ಬಿದ್ದ ನೆಲ ನಾಲ್ಕು ಬಗೆ. ದಾರಿಯ ಮಗ್ಗುಲಲ್ಲಿ ಬಿದ್ದದ್ದು ಹಕ್ಕಿಯ ಪಾಲಾಯಿತು. ಕಲ್ಲುನೆಲದಲ್ಲಿ ಬಿದ್ದದ್ದು ಬೇಗ ಮೊಳೆತು ಬೇಗ ಒಣಗಿತು. ಮುಳ್ಳಿನ ನಡುವೆ ಬಿದ್ದದ್ದು ಉಸಿರು ಕಟ್ಟಿ ಸತ್ತಿತು. ಒಳ್ಳೆಯ ನೆಲದಲ್ಲಿ ಬಿದ್ದದ್ದು ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಫಲ ಕೊಟ್ಟಿತು. ಈ ಕಥೆಯನ್ನು ಕೇಳುವಾಗ ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. ನಾಲ್ಕು ನೆಲಗಳೆಂದರೆ ನಾಲ್ಕು ಜಾತಿಯ ಮನುಷ್ಯರೆಂದು ತಿಳಿದು, ನೆರೆಯವನನ್ನು ಮುಳ್ಳಿಗೂ ಕಲ್ಲಿಗೂ ಹಚ್ಚಿ, ಒಳ್ಳೆಯ ನೆಲವನ್ನು ನಮಗಾಗಿ ಇಟ್ಟುಕೊಳ್ಳುತ್ತೇವೆ.

ಒಕ್ಕಲುತನ ಬಲ್ಲವರು ಹಾಗೆ ತಿಳಿಯಲಾರರು. ನಮ್ಮ ಉತ್ತರದ ಸೀಮೆಯ ಎರೆಹೊಲವನ್ನು ನೋಡಿ. ಬೇಸಗೆಯಲ್ಲಿ ಅದು ಕಾಲು ಹೊಗುವಷ್ಟು ಬಿರಿದು ನಿಲ್ಲುತ್ತದೆ. ಮಳೆಗಾಲದಲ್ಲಿ ಹೆಜ್ಜೆಗೆ ಹೆಜ್ಜೆ ಅಂಟುತ್ತದೆ. ಈ ಎರಡರ ನಡುವೆ ಕೆಲವೇ ದಿನಗಳ ಒಂದು ಸ್ಥಿತಿ ಉಂಟು. ರೈತ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡುತ್ತಾನೆ. ಕೈಗೆ ಮೆತ್ತಿದರೆ ಹಸಿ ಹೆಚ್ಚು, ಹುಡಿಯಾಗಿ ಉದುರಿದರೆ ಹಸಿ ಸಾಲದು. ನಡುವಿನ ಆ ಸ್ಥಿತಿಗೆ ಅವನು ಇಟ್ಟಿರುವ ಹೆಸರು ‘ಹದ’. ಹದ ಬಂದಾಗ ಕೂರಿಗೆ ಹೂಡಬೇಕು. ಹದ ತಪ್ಪಿದರೆ ಬೀಜ ಎಷ್ಟು ಒಳ್ಳೆಯದಾದರೂ ಬೆಳೆ ಬರದು. ನೆಲ ಒಂದೇ, ಅದರ ಸ್ಥಿತಿಗಳು ಹಲವು. ಅದೇ ಹೊಲ ಒಂದು ತಿಂಗಳು ಕಲ್ಲು, ಮತ್ತೊಂದು ತಿಂಗಳು ಕೆಸರು, ಕೆಲವು ದಿನ ಹದ. ಮನುಷ್ಯನ ಮನಸ್ಸೂ ಹಾಗೆಯೇ ಅಲ್ಲವೆ? ನಾಲ್ಕು ನೆಲಗಳೂ ಒಬ್ಬನ ಎದೆಯಲ್ಲೇ ಇವೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹೊಲದ ನಡುವಿನ ಕಾಲುದಾರಿ ಹುಟ್ಟುವಾಗಲೇ ದಾರಿಯಾಗಿರಲಿಲ್ಲ. ಅದೂ ಒಂದು ಕಾಲಕ್ಕೆ ಹೊಲವೇ. ದಿನವೂ ಹಲವರು ತುಳಿದು ತುಳಿದು ಅದು ಗಟ್ಟಿಯಾಯಿತು. ಆದುದರಿಂದ ವಾಕ್ಯಕ್ಕೆ ಎದೆ ತೆರೆಯದಿರುವ ಅಪಾಯ ಅದನ್ನು ಎಂದೂ ಕೇಳದವನಿಗಿಂತ, ದಿನವೂ ಕೇಳುವವನಿಗೆ ಹೆಚ್ಚು. ಚಿಕ್ಕಂದಿನಿಂದ ಕೇಳಿದ ಕಥೆ, ಬಾಯಿಪಾಠವಾದ ಕೀರ್ತನೆ, ಮುಂದಿನ ವಾಕ್ಯ ಯಾವುದೆಂದು ಮೊದಲೇ ತಿಳಿದಿರುವ ಪಾಠ, ಇವೆಲ್ಲ ನಮ್ಮ ಮೇಲೆ ಹಾದು ಹೋಗುತ್ತವೆ. ಹಾದು ಹೋದ ಗುರುತೂ ಉಳಿಯುವುದಿಲ್ಲ. ಬೋರ್ಗಲ್ಲ ಮೇಲೆ ಮಳೆ ಸುರಿದಂತೆ ಎಂಬ ಗಾದೆ ನಾಸ್ತಿಕನಿಗಿಂತ ಆಸ್ತಿಕನಿಗೆ ಹೆಚ್ಚು ಹೊಂದುತ್ತದೆಯೋ ಏನೋ.

ಈ ಗಟ್ಟಿತನ ಹಲವು ರೂಪಗಳಲ್ಲಿ ಬರುತ್ತದೆ. ಮೊದಲನೆಯದು ವಾಕ್ಯವನ್ನು ತಾಯಿತದಂತೆ ಕಟ್ಟಿಕೊಳ್ಳುವುದು. ಕಷ್ಟ ಬಂದಾಗ ಕಣ್ಣು ಮುಚ್ಚಿ ಪುಸ್ತಕ ತೆರೆದು, ಬೆರಳು ಬಿದ್ದ ವಚನವನ್ನು ಶಕುನವೆಂದು ತಿಳಿಯುವವರುಂಟು. ಈಗಂತೂ ಪುಸ್ತಕ ತೆರೆಯುವ ಶ್ರಮವೂ ಇಲ್ಲ. ಬೆಳಗಾಗುತ್ತಲೇ ಮೊಬೈಲಿನಲ್ಲಿ ಹೂವಿನ ಚಿತ್ರದ ಮೇಲೆ ಒಂದು ವಚನ ಬಂದು ಕೂತಿರುತ್ತದೆ. ನಾವು ಅದನ್ನು ಓದುವ ಮುಂಚೆಯೇ ಇನ್ನು ಹತ್ತು ಜನರಿಗೆ ಕಳಿಸುತ್ತೇವೆ. ಹಾಗೆ ಬರುವ ವಚನಗಳಲ್ಲಿ ಆಶೀರ್ವಾದವೇ ಹೆಚ್ಚು, ಎಚ್ಚರಿಕೆ ಕಡಮೆ. ಮಾತು ಇಷ್ಟು ಚೂರುಚೂರಾಗಿ ಬರಲು ಅನುಕೂಲವಾದದ್ದು ವಚನಗಳಿಗೆ ಅಂಕೆ ಬಿದ್ದ ಮೇಲೆ. ಸತ್ಯವೇದದ ಇಂದಿನ ಅಧ್ಯಾಯಗಳ ವಿಭಾಗ 13ನೆಯ ಶತಮಾನದ್ದು. ಹೊಸ ಒಡಂಬಡಿಕೆಗೆ ಇಂದಿನ ವಚನಸಂಖ್ಯೆಗಳನ್ನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ ಕೊಟ್ಟದ್ದು 1551ರಲ್ಲಿ. ಹುಡುಕಲು ಅದು ಬಹಳ ಅನುಕೂಲ, ನಿಜ. ಆದರೆ ಪೌಲನು ಪತ್ರ ಬರೆದದ್ದು ಪತ್ರವಾಗಿ, ಸೂಕ್ತಿಗಳ ಪಟ್ಟಿಯಾಗಿ ಅಲ್ಲ. ಒಬ್ಬ ಬಂಧು ಬರೆದ ಕಾಗದದಿಂದ ನಮಗೆ ಹಿತವಾದ ಒಂದು ಸಾಲನ್ನು ಕತ್ತರಿಸಿ ಇಟ್ಟುಕೊಂಡು ಉಳಿದುದನ್ನು ಓದದೆ ಬಿಟ್ಟರೆ, ಆ ಬಂಧುವಿನ ಮಾತು ಕೇಳಿದಂತಾಯಿತೆ?

ಎರಡನೆಯ ರೂಪ ವಾಕ್ಯವನ್ನು ಕತ್ತಿಯಂತೆ ಹಿಡಿಯುವುದು. ವಾದದಲ್ಲಿ ಗೆಲ್ಲಲು, ಮತ್ತೊಂದು ಸಭೆಯವರನ್ನು ತಪ್ಪಿತಸ್ಥರೆಂದು ತೋರಿಸಲು, ಸೊಸೆಯ ಬಾಯಿ ಮುಚ್ಚಿಸಲು ವಚನಗಳನ್ನು ಬಳಸುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಅಂಥವರಿಗೆ ಸತ್ಯವೇದ ಬಾಯಲ್ಲೇ ಇರುತ್ತದೆ. ಆದರೆ ಅರಣ್ಯದಲ್ಲಿ ಯೇಸುವನ್ನು ಶೋಧಿಸಲು ಬಂದ ಸೈತಾನನೂ ಕೀರ್ತನೆಯ ಮಾತನ್ನೇ ಉದ್ಧರಿಸಿದನೆಂದು ಮತ್ತಾಯನೂ ಲೂಕನೂ ಹೇಳುತ್ತಾರೆ. ವಚನ ತಿಳಿದಿರುವುದೂ ವಚನಕ್ಕೆ ಎದೆ ತೆರೆದಿರುವುದೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಮೂರನೆಯದು ಎಲ್ಲಕ್ಕಿಂತ ಸಭ್ಯವಾದದ್ದು. ಆದುದರಿಂದಲೇ ಗುರುತಿಸಲು ಕಷ್ಟ. ವಾಕ್ಯವನ್ನು ಗೌರವದಿಂದ ಕೇಳಿ, ಗೌರವದಿಂದಲೇ ಬದಿಗಿಡುವುದು. ಕ್ರಿಸ್ತನಲ್ಲಿ ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ ಎಂಬ ಭೇದವಿಲ್ಲವೆಂದು ಪೌಲ ಗಲಾತ್ಯದವರಿಗೆ ಬರೆದ. ಆ ಪತ್ರವನ್ನು ದಕ್ಷಿಣ ಭಾರತದ ಸಭೆಗಳು ತಲೆಮಾರುಗಳಿಂದ ಓದುತ್ತ ಬಂದಿದ್ದವು. ಜೊತೆಗೆ ಜಾತಿಗೊಂದು ಕಡೆ ಕೂಡುವ ಪದ್ಧತಿಯೂ ಹಲವೆಡೆ ನಡೆಯುತ್ತಿತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಗಳಲ್ಲಿ ಜಾತಿಭೇದ ಒಡನೆಯೇ ನಿಲ್ಲಬೇಕೆಂದು ಬರೆದಾಗ, ತಂಜಾವೂರು ಮೊದಲಾದ ಕಡೆ ಹಲವರು ಸಭೆಯನ್ನೇ ಬಿಟ್ಟು ಹೊರನಡೆದರು. ಅವರು ವಾಕ್ಯ ಕೇಳದವರಲ್ಲ. ಪ್ರತಿವಾರ ಕೇಳಿದವರೇ. ಇಂದಿಗೂ ಮದುವೆಯ ಮಾತು ಬಂದಾಗ, ಸ್ಮಶಾನದಲ್ಲಿ ಜಾಗದ ಮಾತು ಬಂದಾಗ ನಾವು ಗಲಾತ್ಯದ ಪತ್ರವನ್ನು ಎಲ್ಲಿಡುತ್ತೇವೆ ಎಂಬುದನ್ನು ನಮ್ಮ ನಮ್ಮ ಮನಸ್ಸನ್ನೇ ವಿಚಾರಿಸಿಕೊಳ್ಳಬೇಕು.

ಹಾಗಾದರೆ ಹದ ಬರುವುದು ಹೇಗೆ? ‘ಕೇಳು’ ಎಂಬುದರ ಎರಡನೆಯ ಅರ್ಥ ಇಲ್ಲಿ ನಮಗೆ ನೆರವಾಗುತ್ತದೆ. ಕೇಳಿದ್ದನ್ನು ಕುರಿತು ಕೇಳಬೇಕು, ಅಂದರೆ ಪ್ರಶ್ನಿಸಬೇಕು. ಪ್ರಶ್ನೆ ಭಕ್ತಿಗೆ ವಿರೋಧವೆಂಬ ಭಯ ನಮ್ಮಲ್ಲಿ ಹಲವರಿಗಿದೆ. ಆದರೆ ಸತ್ಯವೇದ ಹೊಗಳುವ ಕೇಳುಗರು ಪ್ರಶ್ನಿಸಿದವರೇ. ಬೆರೋಯದ ಜನ ಪೌಲನ ಮಾತನ್ನು ಸಿದ್ಧಮನಸ್ಸಿನಿಂದ ಸ್ವೀಕರಿಸಿದರು. ಆದರೂ ಅದು ಹೌದೋ ಅಲ್ಲವೋ ಎಂದು ಪ್ರತಿದಿನ ಶಾಸ್ತ್ರವನ್ನು ಪರಿಶೋಧಿಸಿದರು. ಅದಕ್ಕಾಗಿ ಲೂಕನು ಅವರನ್ನು ಗುಣವಂತರೆಂದು ಕೊಂಡಾಡುತ್ತಾನೆ. ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿ ಫಿಲಿಪ್ಪನ ಎದುರಿಗೆ ತನಗೆ ಅರ್ಥವಾಗಲಿಲ್ಲವೆಂದು ಒಪ್ಪಿಕೊಂಡ. ಒಂದು ರಾಣಿಯ ಬೊಕ್ಕಸವನ್ನೆಲ್ಲ ನೋಡಿಕೊಳ್ಳುತ್ತಿದ್ದ ದೊಡ್ಡ ಮನುಷ್ಯ, ದಾರಿಯಲ್ಲಿ ಸಿಕ್ಕಿದ ಅಪರಿಚಿತನಿಗೆ ಹಾಗೆ ಹೇಳಬೇಕಾದರೆ ಆ ಮನಸ್ಸಿನಲ್ಲಿ ಎಷ್ಟು ಹದ ಇದ್ದಿರಬೇಕು! ದೇವದೂತನ ಮಾತಿಗೆ ಮರಿಯಳು ಮೊದಲು ಹೇಳಿದ್ದು ಒಪ್ಪಿಗೆಯಲ್ಲ, ಪ್ರಶ್ನೆ; ಒಪ್ಪಿಗೆ ಆಮೇಲೆ ಬಂತು.

ಈ ಪ್ರಶ್ನೆ ಒಬ್ಬಂಟಿಯ ಕೆಲಸವೂ ಅಲ್ಲ. ನೆಹೆಮೀಯನ ಗ್ರಂಥದಲ್ಲಿ ಒಂದು ದೊಡ್ಡ ದೃಶ್ಯವಿದೆ. ಸೆರೆಯಿಂದ ಮರಳಿದ ಜನರೆಲ್ಲ ಬಯಲಿನಲ್ಲಿ ನೆರೆದಿದ್ದಾರೆ. ಮರದ ಪೀಠದ ಮೇಲೆ ನಿಂತು ಎಜ್ರನು ಬೆಳಗಿನಿಂದ ನಡುಹಗಲಿನವರೆಗೆ ಧರ್ಮಶಾಸ್ತ್ರ ಓದುತ್ತಾನೆ; ಲೇವಿಯರು ಜನರ ನಡುವೆ ನಿಂತು ಅರ್ಥ ತಿಳಿಸುತ್ತಾರೆ; ಅರ್ಥವಾದ ಜನ ಅಳುತ್ತಾರೆ. ಕನ್ನಡಿಗರಿಗೆ ಈ ದೃಶ್ಯ ಹೊಸದಲ್ಲ. ಕುಮಾರವ್ಯಾಸನ ಭಾರತವನ್ನು ಗಮಕಿ ಓದಿ, ವ್ಯಾಖ್ಯಾನಕಾರ ಅರ್ಥ ಬಿಡಿಸಿ, ಗುಡಿಯ ಜಗಲಿಯಲ್ಲಿ ಕೂತ ಓದು ಬಾರದ ಜನ ಕಣ್ಣೊರೆಸಿಕೊಂಡ ರಾತ್ರಿಗಳು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಆಗಿಹೋಗಿವೆ. ವಾಚನವೂ ವ್ಯಾಖ್ಯಾನವೂ ಜೊತೆಗೂಡಬೇಕೆಂಬ ನಮ್ಮ ಹಿರಿಯರ ತಿಳಿವು ಚರ್ಚಿಗೂ ಸಲ್ಲುವಂಥದು. ಉಪನಿಷತ್ತು ಹೇಳುವ ಶ್ರವಣ, ಮನನ, ನಿದಿಧ್ಯಾಸನಗಳ ಕ್ರಮವನ್ನೂ, 12ನೆಯ ಶತಮಾನದ ಫ್ರಾನ್ಸಿನ ಸಂನ್ಯಾಸಿ ಎರಡನೆಯ ಗ್ವಿಗೊ ಹೇಳಿದ ಓದು, ಮನನ, ಪ್ರಾರ್ಥನೆ, ಧ್ಯಾನಗಳ ನಾಲ್ಕು ಮೆಟ್ಟಿಲ ಏಣಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಕೇಳುವ ವಿದ್ಯೆಯಲ್ಲಿ ಪೂರ್ವ ಪಶ್ಚಿಮಗಳು ಅಷ್ಟು ದೂರವಿಲ್ಲವೆಂದು ತಿಳಿಯುತ್ತದೆ. ಎರಡರಲ್ಲಿಯೂ ಮೊದಲ ಮೆಟ್ಟಿಲಿನಲ್ಲೇ ಕೂತುಬಿಡುವವನಿಗೆ ಫಲವಿಲ್ಲ.

ಸತ್ಯವೇದ ಕನ್ನಡಕ್ಕೆ ಬಂದ ಚರಿತ್ರೆಯೂ ಒಂದರ್ಥದಲ್ಲಿ ಕೇಳುವುದರ ಚರಿತ್ರೆಯೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಮೊದಲು ಜನರ ಮಾತು ಕಲಿತು, ಅನುವಾದಕ್ಕೆ ಕೈಯಿಟ್ಟ. ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಲು 1830ರ ದಶಕದ ಆರಂಭದವರೆಗೆ ಕಾಯಬೇಕಾಯಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದಲ್ಲದೆ, ಹರಿದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಅಚ್ಚು ಮಾಡಿಸಿದ. ಕಿಟ್ಟೆಲ್ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದ; ಯೇಸುವಿನ ಚರಿತ್ರೆಯನ್ನು ನಮ್ಮ ದೇಶೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹೆಣೆದು 1862ರಲ್ಲಿ ಪ್ರಕಟಿಸಿದ; 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟನ್ನು ಹೊರತಂದ. ಹೇಳಲು ಬಂದವರು ಇವರು. ಆದರೆ ಹೇಳುವ ಮುಂಚೆ ಎಷ್ಟು ಕೇಳಬೇಕಾಯಿತೆಂದು ಯೋಚಿಸಿ! ನಿಘಂಟು ಕಟ್ಟುವುದೆಂದರೆ ಸಾವಿರಾರು ಬಾಯಿಗಳ ಮುಂದೆ ಒಂದು ಕಿವಿಯಾಗಿ ಕೂರುವುದು. ತಮ್ಮ ಶಾಸ್ತ್ರವನ್ನು ಕೊಡಲು ಬಂದವರು ನಮ್ಮ ಶಾಸ್ತ್ರಗಳನ್ನೂ ನುಡಿಯನ್ನೂ ಅಷ್ಟು ತಾಳ್ಮೆಯಿಂದ ಕೇಳಿದ್ದರಿಂದಲೇ ಅವರ ಕೆಲಸ ಇಂದಿಗೂ ಕನ್ನಡಿಗರೆಲ್ಲರ ಆಸ್ತಿಯಾಗಿದೆ. ಆ ಕನ್ನಡದಲ್ಲಿ ವಾಕ್ಯ ಕೇಳುವ ನಾವು ಅವರಷ್ಟಾದರೂ ಕಿವಿ ತೆರೆಯಬೇಡವೆ?

ಇನ್ನು ಮೂರನೆಯ ಮೆಟ್ಟಿಲು, ‘ಮಾತು ಕೇಳುವುದು’. ಇಲ್ಲಿ ನೆನಪಾಗುವವನು ಈಜಿಪ್ಟಿನ ಅಂತೋಣಿ. ಅಥನಾಸಿಯನು ಬರೆದ ಅವನ ಚರಿತ್ರೆಯಂತೆ, ಮೂರನೆಯ ಶತಮಾನದಲ್ಲಿ, ತಂದೆತಾಯಿಗಳನ್ನು ಕಳೆದುಕೊಂಡ ಈ ತರುಣ ಒಂದು ದಿನ ಚರ್ಚಿಗೆ ಹೋದ. ಆಗ ಅಲ್ಲಿ, ಆಸ್ತಿಯನ್ನು ಮಾರಿ ಬಡವರಿಗೆ ಕೊಡಬೇಕೆಂದು ಯೇಸು ಒಬ್ಬ ಶ್ರೀಮಂತ ತರುಣನಿಗೆ ಹೇಳಿದ ಭಾಗವನ್ನು ಓದುತ್ತಿದ್ದರು. ಆ ಶ್ರೀಮಂತ ಅದನ್ನು ಯೇಸುವಿನ ಬಾಯಿಂದಲೇ ಕೇಳಿ ದುಃಖದಿಂದ ಹೊರಟುಹೋದ. ಅಂತೋಣಿ ಅದನ್ನು ಓದುಗನ ಬಾಯಿಂದ, ಇನ್ನೂರು ವರ್ಷಗಳಿಗೂ ಮಿಕ್ಕ ಅಂತರದಲ್ಲಿ ಕೇಳಿ, ತನ್ನ ಹೆಸರು ಹಿಡಿದು ಹೇಳಿದರೆಂಬಂತೆ ಎದ್ದು ಹೋಗಿ ಪಿತ್ರಾರ್ಜಿತ ಭೂಮಿಯನ್ನು ಊರವರಿಗೆ ಬಿಟ್ಟುಕೊಟ್ಟ. ಎಲ್ಲರೂ ಅಂತೋಣಿಯಂತೆ ಮರುಭೂಮಿಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಮಾತು ಒಂದೇ, ಕಿವಿ ಎರಡು ಎಂಬುದಷ್ಟನ್ನೇ ಗಮನಿಸಬೇಕು.

ಈಗ ಮೊದಲು ಹೇಳಿದ ಕಾರಣಕ್ಕೆ ಬರುತ್ತೇನೆ. ನಮ್ಮ ಊರಿನ ಚರ್ಚಿನಲ್ಲಿ ಆದಿತ್ಯವಾರದ ಪಾಠ ಓದುವ ಸರದಿ ಆಗಾಗ ನನ್ನ ಪಾಲಿಗೆ ಬರುತ್ತದೆ. ಕನ್ನಡದ ಮೇಷ್ಟರಾದ್ದರಿಂದ ಅಲ್ಪಪ್ರಾಣ ಮಹಾಪ್ರಾಣಗಳು ತಪ್ಪುವುದಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಸ್ವರ ಏರಿಸಬೇಕು ಎಂಬುದೂ ತಿಳಿದಿದೆ. ಓದು ಚೆನ್ನಾಯಿತೆಂದು ಜನ ಹೇಳುತ್ತಾರೆ, ಕೇಳಲು ಹಿತವಾಗಿರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಆದಿತ್ಯವಾರ ಮತ್ತಾಯನ ಐದನೆಯ ಅಧ್ಯಾಯದ ಭಾಗ ಬಂದಿತ್ತು. ಕಾಣಿಕೆ ಹಿಡಿದು ಬಲಿಪೀಠದ ಬಳಿ ಬಂದವನಿಗೆ, ತನ್ನ ಮೇಲೆ ಸಹೋದರನ ಅಸಮಾಧಾನ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗಬೇಕು ಎಂಬ ಉಪದೇಶ. ನಾನು ಓದಿದೆ. ಚೆನ್ನಾಗಿಯೇ ಓದಿದೆ.

ಆರಾಧನೆ ಮುಗಿದು ಹೊರಗೆ ಬಂದಾಗ ಬೇವಿನ ಮರದ ಕೆಳಗೆ ಕೂತಿದ್ದ ಒಬ್ಬ ಮುದುಕಿ ಕೈ ಸನ್ನೆ ಮಾಡಿ ಕರೆದರು. ಅವರಿಗೆ ಓದು ಬರಹ ಬಾರದು. ನನ್ನನ್ನು ಎತ್ತಿ ಆಡಿಸಿದವರು.

“ಭಾಳ ಚಂದ ಓದಿದಿ, ತಮ್ಮಾ,” ಎಂದರು. ನಾನು ನಕ್ಕು ನಿಂತೆ.

“ಅಣ್ಣನ ಮನೀಗೆ ಹೋಗಿದ್ದೇನು?”

ನಮ್ಮ ಹಿರಿಯಣ್ಣನಿಗೂ ನನಗೂ ಹೊಲದ ಬದುವಿನ ವಿಷಯದಲ್ಲಿ ಮಾತು ನಿಂತು ಆಗ ನಾಲ್ಕು ವರ್ಷವಾಗಿತ್ತು. ತಪ್ಪು ಯಾರದೆಂದು ಇಲ್ಲಿ ವಿಚಾರ ಮಾಡುವುದಿಲ್ಲ. ಮಾಡಿದರೆ ನನ್ನ ಕಡೆಗೇ ವಾಲುತ್ತೇನೆ. ಊರಿಗೆಲ್ಲ ತಿಳಿದ ಸಂಗತಿ ಅದು. ಆದರೆ ಎದುರಿಗೆ ಎತ್ತಿ ಆಡಿದವರಿರಲಿಲ್ಲ.

“ಇಲ್ಲ, ಆಯಿ,” ಎಂದೆ.

“ಮತ್ತ ಈಗ ಯಾರಿಗೆ ಓದಿದಿ?” ಎಂದರು. ಕೋಪದಿಂದ ಅಲ್ಲ, ತಿಳಿಯದೆ ಕೇಳಿದವರಂತೆ.

ಅಂದು ಮನೆಗೆ ಬಂದು ಊಟಕ್ಕೆ ಕೂತರೂ ಆ ಪ್ರಶ್ನೆ ಎದ್ದು ಹೋಗಲಿಲ್ಲ. ನಾನು ಓದಿದ್ದೆ, ಅವರು ಕೇಳಿದ್ದರು. ಅಕ್ಷರ ನನ್ನದಾಗಿತ್ತು, ವಾಕ್ಯ ಅವರದಾಗಿತ್ತು. ನಾಲ್ಕು ವರ್ಷಗಳಲ್ಲಿ ಆ ಭಾಗವನ್ನು ನಾನು ಎಷ್ಟು ಸಲ ಓದಿದ್ದೆನೋ! ಪ್ರತಿಸಲವೂ ಅದರಲ್ಲಿನ ‘ಸಹೋದರ’ ಎಂಬ ಮಾತಿಗೆ ಮಾನವಕುಲವೆಲ್ಲ ಎಂಬ ವಿಶಾಲವಾದ ಅರ್ಥ ಮಾಡಿಕೊಂಡಿದ್ದೆ. ವಿಶಾಲವಾದ ಅರ್ಥದಲ್ಲಿ ಒಂದು ಅನುಕೂಲವುಂಟು: ಅದರೊಳಗೆ ಸ್ವಂತ ಅಣ್ಣ ಕಾಣದೆ ಹೋಗುತ್ತಾನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯನ್ನು ತರಗತಿಯಲ್ಲಿ ನಗುತ್ತ ವಿವರಿಸಿದವನು ನಾನು. ಅಂದು ಆ ಗಾದೆ ನನ್ನನ್ನು ವಿವರಿಸಿತು.

ಸಂಜೆ ಅಣ್ಣನ ಮನೆಗೆ ಹೋದೆ. ಹೇಳಬೇಕೆಂದು ಕಟ್ಟಿಕೊಂಡು ಹೋದ ಮಾತೊಂದೂ ಬಾಯಿಗೆ ಬರಲಿಲ್ಲ. ಅಣ್ಣ ಅಂಗಳದಲ್ಲಿ ನಿಂತವನು ಸ್ವಲ್ಪ ಹೊತ್ತು ನೋಡಿ, “ಒಳಗ ಬಾ. ಹೊರಗ ಯಾಕ ನಿಂತಿ?” ಎಂದ. ಅತ್ತಿಗೆ ಚಹ ತಂದರು. ಮಳೆಯ ಮಾತು, ಜೋಳದ ಧಾರಣೆಯ ಮಾತು ಆಯಿತು. ಬದುವಿನ ಮಾತು ಅಂದು ಬರಲಿಲ್ಲ. ಬಂದಾಗ ಇಬ್ಬರಿಗೂ ಪೂರ್ತಿ ಸಮಾಧಾನವೂ ಆಗಲಿಲ್ಲ. ಬದು ಈಗಲೂ ಇದ್ದಲ್ಲಿಯೇ ಇದೆ. ಅದನ್ನು ದಾಟಿ ಓಡಾಡುತ್ತೇವೆ, ಅಷ್ಟೇ. ಇದನ್ನು ಪವಾಡವೆಂದು ನಾನು ಹೇಳಲಾರೆ. ಆದರೆ ಆ ವಾಕ್ಯವನ್ನು ನಾನು ಮೊದಲ ಸಲ ಕೇಳಿದ್ದು ಆ ಸಂಜೆ ಎಂದು ಮಾತ್ರ ಹೇಳಬಲ್ಲೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಓದಿದ್ದನ್ನೆಲ್ಲ ಒಡನೆ ನಡತೆಗೆ ತರುವುದಾದರೆ, ಶಾಸ್ತ್ರದಲ್ಲಿ ಯುದ್ಧದ ಮಾತುಂಟು, ಶಾಪದ ಮಾತುಂಟು, ದಾಸರು ಯಜಮಾನರಿಗೆ ಅಡಗಿರಬೇಕೆಂಬ ಮಾತುಂಟು. ಅವುಗಳನ್ನೂ ಹಾಗೆಯೇ ಪಾಲಿಸಬೇಕೆ? ಆಕ್ಷೇಪ ನ್ಯಾಯವಾದದ್ದು. ಅಮೆರಿಕದ ತೋಟಗಳ ಒಡೆಯರು ಗುಲಾಮಗಿರಿಯನ್ನು ಸಮರ್ಥಿಸಿಕೊಂಡದ್ದು ಶಾಸ್ತ್ರದ ಮಾತುಗಳಿಂದಲೇ. ಅದಕ್ಕಾಗಿಯೇ ಎರಡನೆಯ ಮೆಟ್ಟಿಲನ್ನು ಹಾರಿ ಮೂರನೆಯದಕ್ಕೆ ಹೋಗಬಾರದೆಂದು ನಾನು ಹೇಳುವುದು. ಯಾರು, ಯಾರಿಗೆ, ಯಾವಾಗ ಹೇಳಿದ್ದು ಎಂದು ಕೇಳಬೇಕು, ತಿಳಿದವರನ್ನು ಕೇಳಬೇಕು, ಆ ಮಾತಿನಿಂದ ನೋಯುವವರನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು. ಆಗಸ್ಟೀನನು ಇದಕ್ಕೆ ಒಂದು ಒರೆಗಲ್ಲನ್ನು ಕೊಟ್ಟಿದ್ದಾನೆ. ದೇವರ ಮೇಲಿನ ಪ್ರೀತಿಯನ್ನೂ ನೆರೆಯವನ ಮೇಲಿನ ಪ್ರೀತಿಯನ್ನೂ ಬೆಳೆಸದ ಅರ್ಥವನ್ನು ಶಾಸ್ತ್ರಕ್ಕೆ ಹಚ್ಚಿದವನು ಶಾಸ್ತ್ರವನ್ನು ಇನ್ನೂ ತಿಳಿದಿಲ್ಲವೆಂಬುದು ಅವನ ಅಭಿಪ್ರಾಯ. ನಾನು ಇದಕ್ಕೆ ಒಂದು ಚಿಕ್ಕ ಮಾತು ಸೇರಿಸುತ್ತೇನೆ: ವಾಕ್ಯ ಯಾವಾಗಲೂ ಪಕ್ಕದವನನ್ನೇ ತಿದ್ದುತ್ತಿದೆ ಎಂದು ನಮಗೆ ಅನ್ನಿಸುತ್ತಿದ್ದರೆ, ನಮ್ಮ ಕಿವಿಯಲ್ಲಿ ಏನೋ ದೋಷವಿದೆ.

ದಿನದಿನದ ಬಾಳಿಗೆ ಇದರಿಂದ ಸಿಗುವ ಸೂಚನೆಗಳು ಬಹಳ ಸರಳವಾದವು. ಹೆಚ್ಚು ಓದಬೇಕಾಗಿಲ್ಲ, ಸ್ವಲ್ಪ ಓದಿದರೆ ಸಾಕು, ಆದರೆ ಗಟ್ಟಿಯಾಗಿ, ಮನೆಯವರಿಗೆಲ್ಲ ಕೇಳುವಂತೆ ಓದಬೇಕು. ಓದಿದ ಮೇಲೆ ಒಂದು ನಿಮಿಷ ಸುಮ್ಮನಿರಬೇಕು. ಮಕ್ಕಳು ಪ್ರಶ್ನೆ ಹಾಕಿದರೆ ಗದರಬಾರದು. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಬೇಕು. ಮನೆಯಲ್ಲಿ ಓದು ಬಾರದವರಿದ್ದರೆ ಅವರು ಏನು ಕೇಳಿಸಿಕೊಂಡರೆಂದು ವಿಚಾರಿಸಬೇಕು. ಅವರೇ ಹೆಚ್ಚು ಕೇಳಿರುವ ಸಂಭವವುಂಟು. ಕೊನೆಗೆ, ಈ ದಿನ ಇದು ನನ್ನಿಂದ ಏನನ್ನು ಕೇಳುತ್ತಿದೆ ಎಂಬ ಒಂದು ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಹೊರಗೆ ಹೋಗಬೇಕು. ನೋಡಿ, ಇಲ್ಲಿ ‘ಕೇಳು’ ಎಂಬ ಮಾತು ದಿಕ್ಕು ಬದಲಿಸಿತು. ನಾವು ವಾಕ್ಯವನ್ನು ಕೇಳುವುದು ಹೋಗಿ, ವಾಕ್ಯ ನಮ್ಮನ್ನು ಕೇಳತೊಡಗಿತು.

ಕತ್ತೋಲಿಕ ಸಭೆ 1965ರ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಶಾಸ್ತ್ರದ ಬಾಗಿಲು ಎಲ್ಲ ವಿಶ್ವಾಸಿಗಳಿಗೂ ವಿಶಾಲವಾಗಿ ತೆರೆದಿರಬೇಕೆಂದು ಹೇಳಿತು. 2019ರಲ್ಲಿ ಪೋಪ್ ಫ್ರಾನ್ಸಿಸ್ ವರ್ಷಕ್ಕೊಂದು ಭಾನುವಾರವನ್ನು ದೇವರ ವಾಕ್ಯಕ್ಕೆಂದೇ ಮೀಸಲಿಟ್ಟರು. ಪ್ರಾಟೆಸ್ಟಂಟರು ಈ ಬಾಗಿಲು ತಮ್ಮಲ್ಲಿ ಎಂದೋ ತೆರೆದಿದೆ ಎಂದು ಹೇಳಿಕೊಳ್ಳುತ್ತೇವೆ. ಬಾಗಿಲು ತೆರೆದಿರುವುದು ಸಂತೋಷವೇ. ಆದರೆ ಪುಸ್ತಕದ ಬಾಗಿಲು ತೆರೆಯುವ ಕೆಲಸವನ್ನು ಸಭೆ ಮಾಡಬಲ್ಲದು. ಎದೆಯ ಬಾಗಿಲಿನ ಅಗುಳಿ ಒಳಗಡೆ ಇದೆ.

ನಮ್ಮ ಸೀಮೆಯ ರೈತ ಮುಂಗಾರಿಗೆ ಮೊದಲೇ ಹೊಲಕ್ಕೆ ಹೋಗುತ್ತಾನೆ. ಮಳೆ ತರಿಸುವುದು ಅವನ ಕೈಯಲ್ಲಿಲ್ಲ. ಹೆಂಟೆ ಒಡೆಯುವುದು, ಮುಳ್ಳು ಕೀಳುವುದು, ತುಳಿದು ಗಟ್ಟಿಯಾದ ಜಾಗವನ್ನು ಮತ್ತೆ ರಂಟೆಯಿಂದ ಬಿಡಿಸುವುದು, ಇಷ್ಟು ಅವನ ಕೈಯಲ್ಲಿದೆ. ಮಳೆ ಬಿದ್ದ ಮೇಲೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಾನೆ. ಮುಂದಿನ ಆದಿತ್ಯವಾರ ಪಾಠ ಓದಲು ನನ್ನ ಸರದಿ ಇದೆ. ಬೇವಿನ ಮರದ ಕೆಳಗೆ ಕೂಡುತ್ತಿದ್ದ ಮುದುಕಿ ಈಗಿಲ್ಲ. ಆದರೆ ಪುಸ್ತಕ ತೆರೆಯುವಾಗಲೆಲ್ಲ ಅವರ ಪ್ರಶ್ನೆ ಎದುರಿಗೆ ಬಂದು ಕೂಡುತ್ತದೆ: ಈಗ ಯಾರಿಗೆ ಓದುತ್ತಿದ್ದೀ?